ಪಕ್ಕದ ಹಲಗೆಯ ಹತ್ತು

ಹೋದ ತಿಂಗಳು ತೀರಿಕೊಂಡ ಟೈಲರಕ್ಕನ ಕೈಗೆ ರೈಫಲ್ ಬಂದದ್ದು ಒಂದು ಕೋಟಿನ ದೆಸೆಯಿಂದ. ಶೂಟಿಂಗ್ ಕ್ಲಬ್ಬಿನ ಕೋಚ್ ತಮ್ಮ ದಪ್ಪ ಕ್ಯಾನ್ವಾಸಿನ ಕೋಟನ್ನು ಅವಳ ಮೇಜಿನ ಮೇಲೆ ಹಾಕಿ, ಭುಜದಲ್ಲಿ ಬಿಗಿಯುತ್ತದೆ, ಸ್ವಲ್ಪ ಬಿಡಿಸಿಕೊಡಿ ಎಂದರು. ಅವಳು ಒಳಮೈ ತಿರುಗಿಸಿ ಹೊಲಿಗೆ ನೋಡಿದಳು.

"ಇದನ್ನ ಹಾಕ್ಕೊಂಡು ಏನು ಮಾಡ್ತೀರಿ ಸರ್?"

"ಬೋರಲು ಮಲಗ್ತೀನಿ."

"ನಿಂತವರ ಅಳತೆ ತಗೊಂಡು ಮಲಗೋರಿಗೆ ಹೊಲಿದ್ರೆ ಬಿಗೀದೆ ಇನ್ನೇನಾಗುತ್ತೆ? ನೀವು ಮಲಗೋ ಜಾಗಕ್ಕೇ ಬರ್ತೀನಿ, ಇರಿ."

ಭಾನುವಾರ ಟೇಪನ್ನು ಕೊರಳಿಗೆ ಹಾಕಿಕೊಂಡು ಗುಂಡು ಹೊಡೆಯುವ ರೇಂಜಿಗೆ ಹೋದಳು. ಚಾಪೆಯ ಮೇಲೆ ರೈಫಲ್ ಹಿಡಿದು ಮಲಗಿದ್ದ ಕೋಚ್ ಸುತ್ತ ಮಂಡಿಯೂರಿ ಅಳತೆ ತೆಗೆದಳು. ಮುಗಿದ ಮೇಲೆ, "ನಾನೂ ಒಂದ್ಸಲ ಮಲಗಿ ನೋಡ್ಲಾ?" ಎಂದಳು. ಐವತ್ತು ದಾಟಿದ, ದುಂಡುಮೈಯ ಹೆಂಗಸು. ಅಂದು ಮಲಗಿದವಳನ್ನು ಎಬ್ಬಿಸುವಷ್ಟರಲ್ಲಿ ಕೋಚ್‌ಗೆ ಸಾಕುಸಾಕಾಯಿತು.

ಆಗಲೇ ಔಷಧಿ ಅಂಗಡಿಯವಳೂ ಕ್ಲಬ್ಬಿಗೆ ಸೇರಿದ್ದು. ಅವಳ ಅಂಗಡಿ ಹೊಲಿಗೆ ಅಂಗಡಿಯ ಎದುರಿಗೇ ಇತ್ತು. ವಯಸ್ಸಿನಲ್ಲಿ ಚಿಕ್ಕವಳು, ಮಾತು ಕಡಿಮೆ. ಅದುವರೆಗೆ ಅವರಿಬ್ಬರ ನಡುವೆ ತಲೆನೋವಿನ ಮಾತ್ರೆ, ಕಿತ್ತುಹೋದ ಜಿಪ್ಪು ಇಷ್ಟೇ ವ್ಯವಹಾರ. ಈಗ ಭಾನುವಾರ ಬೆಳಿಗ್ಗೆ ಒಂದೇ ಸ್ಕೂಟರಿನಲ್ಲಿ ಹೊರಡತೊಡಗಿದರು.

ಕೋಚ್ ಬಹಳ ದಿನ ಗುಂಡನ್ನೇ ಕೊಡಲಿಲ್ಲ. ಖಾಲಿ ರೈಫಲಿನ ನಳಿಗೆಯ ಮೇಲೆ ಏನಾದರೂ ಇಟ್ಟು, ಅದು ಬೀಳದಂತೆ ಟ್ರಿಗರ್ ಒತ್ತಬೇಕು. ಟೈಲರಕ್ಕ ಶರಟಿನ ಗುಂಡಿ ಇಡುತ್ತಿದ್ದಳು. ಮನೆಯಲ್ಲಿ ರೈಫಲ್ ಇಲ್ಲವಲ್ಲ, ಅಳತೆ ಕೋಲನ್ನೇ ಹಿಡಿದು ನಡುಮನೆಯಲ್ಲಿ ಮಲಗುವಳು. ಶಾಲೆಯ ಬಸ್ಸು ಓಡಿಸುವ ಗಂಡ ಊಟದ ತಟ್ಟೆ ಹಿಡಿದು ಅವಳನ್ನು ಬಳಸಿಕೊಂಡು ಹೋಗಬೇಕಿತ್ತು.

"ಇಷ್ಟು ವರ್ಷ ಗುಂಡಿ ಹೊಲಿದಳು, ಈಗ ಗುಂಡಿ ಕಾಯ್ತಿದಾಳೆ," ಎಂದು ಅವನು ಮನೆಗೆ ಬಂದ ಔಷಧಿ ಅಂಗಡಿಯವಳ ಹತ್ತಿರ ದೂರು ಹೇಳಿದ.

"ಉಸಿರು ಬಿಡ್ತಿದೀನಿ, ಮಾತಾಡಿಸ್ಬೇಡಿ," ಎಂದಳು ಅವಳು ನೆಲದಿಂದಲೇ.

ಗುರಿ ನೋಡುವಾಗ ಇನ್ನೊಂದು ಕಣ್ಣನ್ನು ಮುಚ್ಚಿದರೆ ಮುಖವೆಲ್ಲ ಬಿಗಿದು ದಣಿಯುತ್ತದೆ, ತೆರೆದೇ ಇರಲಿ, ಅದರ ಮುಂದೆ ಏನಾದರೂ ಮರೆ ಮಾಡಿಕೊಳ್ಳಿ ಎಂದರು ಕೋಚ್. ಮಾರನೆಯ ವಾರವೇ ಟೈಲರಕ್ಕ ಇಬ್ಬರ ಟೋಪಿಗೂ ಬಿಳಿ ಬಟ್ಟೆಯ ಪಟ್ಟಿ ಹೊಲಿದು ತಂದಳು. ತನ್ನದನ್ನು ಮಾತ್ರ ಧಾರಾಳವಾಗಿ ಅಗಲ ಮಾಡಿಕೊಂಡಿದ್ದಳು.

ಕ್ಲಬ್ಬಿನಲ್ಲಿ ಹೊಸಬರಿಗೆಂದು ಇದ್ದದ್ದು ಒಂದೇ ರೈಫಲ್. ವರ್ಷದ ಕೊನೆಯ ಪಂದ್ಯದಲ್ಲಿ ಇವರಿಬ್ಬರಲ್ಲಿ ಯಾರು ಮುಂದೆಯೋ ಅದು ಮುಂದಿನ ವರ್ಷ ಅವರ ಪಾಲಿಗೆ; ಇನ್ನೊಬ್ಬರು ಕಾಯಬೇಕು. ಟೈಲರಕ್ಕನಿಗೆ ಅದರ ಮೇಲೆ ಜೀವವೇ ಇತ್ತು. ತೋಳಿಗೆ ಬಿಗಿಯುವ ಅದರ ಚರ್ಮದ ಪಟ್ಟಿಯಲ್ಲಿ ತನಗೆ ಸರಿಯಾಗುವ ತೂತಿನ ಪಕ್ಕ ಕೆಂಪು ದಾರದ ಗುರುತು ಹಾಕಿದ್ದಳು.

"ಮೂವತ್ತು ವರ್ಷ ಬೇರೆಯವರ ಮೈಗೆ ಹೊಂದೋದನ್ನೇ ಮಾಡಿದೀನಿ," ಎಂದಳು ಒಮ್ಮೆ. "ಇದೊಂದು ನನ್ನ ಮೈಗೆ ಹೊಂದಿದೆ ಕಣೇ."

ಔಷಧಿ ಅಂಗಡಿಯವಳಿಗೆ ಸೋತುಬಿಡೋಣ ಅನ್ನಿಸಿತು. ಹೇಳಿದ್ದರೆ ಟೈಲರಕ್ಕ ಸ್ಕೂಟರಿನಿಂದ ಇಳಿಸುತ್ತಿದ್ದಳು.

ಪಂದ್ಯದ ದಿನ ಟೈಲರಕ್ಕನಿಗೆ ಕ್ಲಬ್ಬಿನ ರೈಫಲ್, ಇವಳಿಗೆ ಕೋಚ್ ಅವರದು. ಅಕ್ಕಪಕ್ಕದ ಚಾಪೆ. ಕೊನೆಯ ಗುಂಡಿಗೆ ಬರುವ ಹೊತ್ತಿಗೆ ಟೈಲರಕ್ಕ ಸ್ಪಷ್ಟವಾಗಿ ಮುಂದಿದ್ದಳು. ಆಗ ಕಾಲು ಹಿಡಿದುಕೊಂಡಿತು. ಎದ್ದು ಕಾಲು ಝಾಡಿಸಿ ಮತ್ತೆ ಮಲಗಿದಳು. ಗುರಿಗೆ ಕೈಯನ್ನು ಎಳೆಯಬಾರದು, ಇಡೀ ಮೈಯನ್ನೇ ತಿರುಗಿಸಬೇಕು ಎಂಬ ಪಾಠ ನೆನಪಿಟ್ಟು ಮೈ ತಿರುಗಿಸಿದಳು. ಉಸಿರು ಬಿಟ್ಟು, ತಡೆದು, ಒತ್ತಿದಳು. ನಳಿಗೆಯ ಮೇಲೆ ಗುಂಡಿ ಇದ್ದಿದ್ದರೆ ಅಲುಗುತ್ತಿರಲಿಲ್ಲ. ಅದೇ ಗಳಿಗೆಯಲ್ಲಿ ಪಕ್ಕದವಳೂ ಹೊಡೆದಳು.

ದೂರದರ್ಶಕದಲ್ಲಿ ನೋಡಿದರೆ ಟೈಲರಕ್ಕನ ಗುರಿಹಲಗೆಯಲ್ಲಿ ಹೊಸ ತೂತಿಲ್ಲ. ಪಕ್ಕದ ಹಲಗೆಯಲ್ಲಿ ಎರಡು: ನಟ್ಟನಡುವೆ ಹತ್ತು ಅಂಕದ್ದೊಂದು, ಅದರ ಪಕ್ಕಕ್ಕೆ ಒಂಬತ್ತರದೊಂದು. ಹಲಗೆಯ ನಂಬರನ್ನು ಅವಳು ನೋಡಿಕೊಂಡೇ ಇರಲಿಲ್ಲ. ಅಗಲದ ಬಿಳಿ ಪಟ್ಟಿ ಪಕ್ಕದ್ದನ್ನೆಲ್ಲ ಮುಚ್ಚಿಬಿಟ್ಟಿತ್ತು.

"ಯಾವುದು ಯಾರದು ಅಂತ ಗೊತ್ತಾಗದಿದ್ರೆ ಹೆಚ್ಚಿನದು ಹಲಗೆಯವರಿಗೆ," ಎಂದರು ಕೋಚ್, ನೆಲ ನೋಡುತ್ತಾ. "ಇವರಿಗೆ ಸೊನ್ನೆ."

"ಹತ್ತು ಅಕ್ಕಂದು ಸರ್. ನಂದು ಅಲುಗಿತ್ತು, ನನಗೆ ಗೊತ್ತು."

"ಸುಮ್ನಿರೇ. ಒಬ್ಬರ ಅಳತೆಗೆ ಇನ್ನೊಬ್ಬರ ಬಟ್ಟೆ ಕತ್ತರಿಸಿದೀನಿ. ಇದೇನು ಮೊದಲನೇ ಸಲ ಅಲ್ಲ," ಎಂದಳು ಟೈಲರಕ್ಕ.

ಆ ಒಂದು ಸೊನ್ನೆಯಿಂದ ರೈಫಲ್ ಔಷಧಿ ಅಂಗಡಿಯವಳದಾಯಿತು. ನೋಡಲು ಬಂದಿದ್ದ ಟೈಲರಕ್ಕನ ಗಂಡ, "ಪಕ್ಕದ ಮನೆ ಗೋಡೆಗೆ ಸುಣ್ಣ ಹೊಡೆದು ಬಂದ್ಯಲ್ಲೇ," ಎಂದ. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಆಮೇಲೆ ಚಾಪೆಗಳ ಕೋಣೆಯ ಹಿಂದೆ ನಿಂತು ಕನ್ನಡಕವನ್ನು ಸೆರಗಿನಿಂದ ಒರೆಸುತ್ತಲೇ ಇದ್ದದ್ದನ್ನು ಔಷಧಿ ಅಂಗಡಿಯವಳು ನೋಡಿದಳು.

ಮುಂದಿನ ಭಾನುವಾರ ರೈಫಲನ್ನು ಪೆಟ್ಟಿಗೆಯಿಂದ ತೆಗೆದು, ಪಟ್ಟಿಯನ್ನು ಕೆಂಪು ದಾರದ ತೂತಿಗೇ ಬಿಗಿದು ಟೈಲರಕ್ಕನ ಚಾಪೆಯ ಮೇಲಿಟ್ಟಳು.

"ಒಂದು ವಾರ ನೀವು, ಒಂದು ವಾರ ನಾನು."

"ಒಬ್ಬರಿಗೇ ಅಂತ ನಿಯಮ," ಕೋಚ್ ಗೊಣಗಿದರು.

"ಒಬ್ಬಳಿಗೇ ಕೊಟ್ಟಿದೀರಿ ಸರ್," ಎಂದಳು ಟೈಲರಕ್ಕ, ಆಗಲೇ ಮಲಗಿಕೊಂಡು. "ಅವಳು ಎರವಲು ಕೊಡ್ತಿದಾಳೆ. ನೀವ್ಯಾಕೆ ತಲೆ ಕೆಡಿಸ್ಕೋತೀರಿ?"

ಅಂದಿನಿಂದ ಅವರ ಪದ್ಧತಿ ಹೀಗೆ: ಒಬ್ಬಳು ಮಲಗಿದರೆ ಇನ್ನೊಬ್ಬಳು ಹಿಂದೆ ಕುರ್ಚಿ ಹಾಕಿಕೊಂಡು, ಮೊದಲ ಗುಂಡಿಗೆ ಮುಂಚೆ "ನಂಬರ್ ಎಷ್ಟು?" ಎಂದು ಕೇಳಬೇಕು. ಮಲಗಿದವಳು ತಲೆಯೆತ್ತಿ, ನೋಡಿ, ಹೇಳಬೇಕು. ಹೀಗೇ ವರ್ಷಗಟ್ಟಲೆ ನಡೆಯಿತು. ಟೈಲರಕ್ಕ ಹೊರಗಿನ ಪಂದ್ಯಗಳಿಗೂ ಹೋಗಿಬಂದಳು, ಹೇಳಿಕೊಳ್ಳುವಂಥದ್ದೇನೂ ಗೆಲ್ಲಲಿಲ್ಲ. ಬಿಳಿ ಪಟ್ಟಿಯನ್ನು ಮಾತ್ರ ಕತ್ತರಿಸಿ ಸಣ್ಣ ಮಾಡಿಕೊಂಡಿದ್ದಳು.

ಜೀವ ಹೋದದ್ದು ಹೊಲಿಗೆ ಯಂತ್ರದ ಮುಂದೆ ಕೂತಲ್ಲೇ. ಎದುರಂಗಡಿಯಿಂದ ಓಡಿ ಬಂದವಳು ಮಾಡಬಹುದಾದದ್ದು ಏನೂ ಉಳಿದಿರಲಿಲ್ಲ. ಸೂಜಿಯ ಕೆಳಗೆ ಯಾರದೋ ಅಂಗಿಯ ತೋಳು ಅರ್ಧ ಹೊಲಿದಿತ್ತು.

ಮೊನ್ನೆ ಭಾನುವಾರ ಔಷಧಿ ಅಂಗಡಿಯವಳು ಮತ್ತೆ ರೇಂಜಿಗೆ ಹೋದಳು. ಪಟ್ಟಿಯನ್ನು ತನ್ನ ತೂತಿಗೆ ಬಿಗಿದಳು. ಕೆಂಪು ದಾರ ಎರಡು ತೂತು ಆಚೆ ಹಾಗೆಯೇ ಇತ್ತು. ಮಲಗಿದಳು, ಉಸಿರು ಬಿಟ್ಟಳು. ಬೆರಳು ಟ್ರಿಗರಿಗೆ ಹೋಗಲಿಲ್ಲ. ಹಿಂದಿನಿಂದ ಕೇಳಬೇಕಾದವರು ಕೇಳಿರಲಿಲ್ಲ.

ಕುರ್ಚಿ ಎಳೆದ ಸದ್ದಾಯಿತು. ಟೈಲರಕ್ಕನ ಗಂಡ ಯಾವಾಗ ಬಂದನೋ, ಹಿಂದೆ ಕೂತಿದ್ದ.

"ನಂಬರ್ ಎಷ್ಟಮ್ಮ?"

ಅವಳು ತಲೆಯೆತ್ತಿ ನೋಡಿದಳು. ಕಣ್ಣು ಮಂಜಾಗಿ ಅಂಕಿ ಕಾಣಲಿಲ್ಲ.

"ಒಂದ್ನಿಮಿಷ ಇರಿ ಭಾವ," ಎಂದಳು. "ನೋಡಿ ಹೇಳ್ತೀನಿ."