ಹೊರಗೆ ಕೂತವರು

ನನಗೆ ಬೀಗದ ಕೈ ಕಂಡರೆ ಭಯ. ಜಿರಳೆಗೆ ಹೆದರುವವರಿದ್ದಾರೆ, ಗುಡುಗಿಗೆ ಹೆದರುವವರಿದ್ದಾರೆ. ಅವರಿಗೆಲ್ಲ ಸಮಾಧಾನ ಹೇಳುವವರೂ ಇದ್ದಾರೆ. ಬೀಗದ ಕೈಗೆ ಹೆದರುತ್ತೇನೆ ಎಂದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಹಾಗಾಗಿ ಇದನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ, ನಿಮಗೆ ಮಾತ್ರ ಹೇಳುತ್ತಿದ್ದೇನೆ. ಚೆನ್ನೈನ ಗಿಂಡಿ ಬಡಾವಣೆಯಲ್ಲಿರುವ ನಮ್ಮ ವಿಮಾ ಕಚೇರಿಯಲ್ಲಿ ಬೆಳಗ್ಗೆ ಮೇಜಿನ ಡ್ರಾಯರು ತೆಗೆಯಲು ಬ್ಯಾಗಿಗೆ ಕೈ ಹಾಕಿ ಆ ಸಣ್ಣ ಹಿತ್ತಾಳೆಯ ತುಂಡನ್ನು ಹಿಡಿದಾಗ, ‘ಇದರ ಹೆಸರೇನು?’ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಉತ್ತರ ಬರುವವರೆಗೆ ಡ್ರಾಯರು ತೆಗೆಯುವುದಿಲ್ಲ. ನಾನು ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತೇನೆ ಎಂದು ಪಕ್ಕದ ಮೇಜಿನವರು ತಿಳಿದಿದ್ದಾರೆ. ಸಿಕ್ಕ ಗೌರವವನ್ನು ಕಳೆದುಕೊಳ್ಳುವುದೇಕೆಂದು ನಾನೂ ಸುಮ್ಮನಿದ್ದೇನೆ.

ಭಯ ಶುರುವಾದದ್ದು ಅಮ್ಮನಿಂದ. ಅಮ್ಮ ನಂಜನಗೂಡಿನ ಕಡೆಯವಳು. ಅಪ್ಪನ ರೈಲ್ವೆ ನೌಕರಿಯ ಬೆನ್ನು ಹಿಡಿದು ಮದರಾಸಿಗೆ ಬಂದವಳು ಇಲ್ಲೇ ಉಳಿದಳು. ಊರಿನ ಹೆಸರು ಚೆನ್ನೈ ಎಂದಾದಾಗ, ‘ಇವರಿಗೆ ಬೇರೆ ಕೆಲಸ ಇಲ್ವಾ?’ ಎಂದು ಕೇಳಿದ್ದಳು. ತರಕಾರಿಯವಳ ಜೊತೆ ತಮಿಳಿನಲ್ಲಿ ಚೌಕಾಸಿ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅಪ್ಪ ಹೋದ ಮೇಲೆ ಅಣ್ಣಾ ನಗರದ ನಮ್ಮ ಫ್ಲ್ಯಾಟಿಗೆ ಬಂದಳು. ಎಪ್ಪತ್ತೈದು ದಾಟಿದ ಮೇಲೆ ಒಂದೊಂದೇ ತಮಿಳು ಮಾತು ಅವಳ ಬಾಯಿಯಿಂದ ಜಾರಿಹೋಗತೊಡಗಿತು. ನಮಗೆ ಅದು ಗೊತ್ತಾಗಲೇ ಇಲ್ಲ, ಗೊತ್ತಾಗುವುದಾದರೂ ಹೇಗೆ? ನಮ್ಮ ಮನೆಯಲ್ಲಿ ಕನ್ನಡ ಪದ ಸಿಗದಿದ್ದರೆ ತಮಿಳಿನದನ್ನು ಹಾಕುತ್ತೇವೆ, ಅದೂ ಸಿಗದಿದ್ದರೆ ಇಂಗ್ಲಿಷಿನದು. ಸೌಟು ಎಲ್ಲಿಟ್ಟಿದೀಯ ಎಂದು ಕೇಳಲು ನಮ್ಮ ಯಜಮಾನರು, ‘ಕರಂಡಿ ಎಲ್ಲಿ ವೆಚ್ಚಿದೀಯ?’ ಎನ್ನುತ್ತಾರೆ. ಅದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ. ಮೂರು ಭಾಷೆಯ ಮನೆಯಲ್ಲಿ ಮರೆವು ಎಷ್ಟು ದಿನ ಬೇಕಾದರೂ ಅಡಗಿ ಕೂರಬಹುದು.

ಕೊನೆಗೆ ಅಮ್ಮ ಸ್ನಾನ ಮಾಡಿದ ಅರ್ಧ ಗಂಟೆಗೆ ಮತ್ತೆ ಸ್ನಾನಕ್ಕೆ ಹೊರಡತೊಡಗಿದಾಗ ನರರೋಗದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಒಳ್ಳೆಯ ಮನುಷ್ಯರು, ಮೃದುವಾದ ತಮಿಳು. ‘ಮೂಣು ವಾರ್ತೆ ಸೊಲ್ರೇನ್, ಞಾಬಗಂ ವೆಚ್ಚುಕ್ಕೋಂಗ’ ಎಂದರು. ಮೂರು ಪದ ಹೇಳುತ್ತೇನೆ, ನೆನಪಿಟ್ಟುಕೊಳ್ಳಿ ಎಂದು. ಪದಗಳು ಇವು: ವಾಳೈಪ್ಪಳಂ, ನಾರ್ಕಾಲಿ, ಸಾವಿ.

ಅಮ್ಮ ಗಾಬರಿಯಿಂದ ನನ್ನ ಕಡೆ ತಿರುಗಿದಳು. ‘ಸಾವಾ? ಯಾರು ಹೋದ್ರೇ?’

ತಮಿಳಿನ ಸಾವಿ ಎಂದರೆ ಬೀಗದ ಕೈ. ಅಷ್ಟು ವರ್ಷ ಆ ಮಾತನ್ನು ದಿನಕ್ಕೆ ಹತ್ತು ಸಲ ಆಡಿದವಳಿಗೆ ಈಗ ಅದರಲ್ಲಿ ಕನ್ನಡದ ಸಾವು ಮಾತ್ರ ಕೇಳಿಸಿತು. ‘ಯಾರೂ ಹೋಗಿಲ್ಲಮ್ಮ. ಬಾಳೆಹಣ್ಣು, ಕುರ್ಚಿ, ಬೀಗದ ಕೈ. ಇಷ್ಟು ನೆನಪಿಟ್ಕೋ’ ಎಂದು ನಾನೇ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಡಾಕ್ಟರು ಇವತ್ತು ಯಾವ ವಾರ, ಇದು ಯಾವ ಊರು ಎಂದೆಲ್ಲ ಕೇಳಿ, ಐದು ನಿಮಿಷ ಬಿಟ್ಟು, ಆ ಮೂರು ಪದ ಯಾವುದು ಎಂದರು. ಅಮ್ಮ ಅವರ ಮುಖವನ್ನೇ ಕರುಣೆಯಿಂದ ನೋಡಿ, ‘ಇವರು ಊಟ ಮಾಡಿದಾರಾ ಕೇಳೇ’ ಎಂದಳು.

ಮಕ್ಕಳ ಪರೀಕ್ಷೆಯಲ್ಲಿ ತಾಯಂದಿರಿಗೆ ಆಗುತ್ತದಲ್ಲ, ಹಾಗೆ ನನಗೆ ನಾಲಿಗೆ ತುರಿಸಿತು. ಮೆಲ್ಲಗೆ ಹೇಳಿಕೊಟ್ಟುಬಿಡೋಣ ಎನ್ನಿಸಿತು. ಬಾಳೆಹಣ್ಣು, ಕುರ್ಚಿ... ಮೂರನೆಯದು ಬರಲಿಲ್ಲ. ಹೇಳಿದವಳೇ ನಾನು, ಐದು ನಿಮಿಷದ ಹಿಂದೆ. ಕನ್ನಡದಲ್ಲೂ ಇಲ್ಲ, ತಮಿಳಿನಲ್ಲೂ ಇಲ್ಲ. ಡಾಕ್ಟರು ಫೈಲಿನಲ್ಲಿ ಏನೋ ಬರೆದುಕೊಂಡು, ನಕ್ಕು, ‘ಸಾವಿ’ ಎಂದರು. ನನಗೂ ಅದು ಕನ್ನಡವಾಗಿಯೇ ಕೇಳಿಸಿತು.

ಅಮ್ಮನ ಕಾಯಿಲೆಗೆ ಆಲ್‌ಝೈಮರ್ ಎಂದು ಹೆಸರಿಟ್ಟರು. ‘ಇದು ಮಕ್ಕಳಿಗೂ ಬರುತ್ತದೆಯೇ?’ ಎಂದು ಕೇಳಿದೆ. ಬರಬಹುದು, ಬರದೆಯೂ ಇರಬಹುದು ಎಂದರು. ವಿಮೆಯವಳಾಗಿ ನಾನು ಮೂವತ್ತು ವರ್ಷದಿಂದ ಹೇಳಿಕೊಂಡು ಬಂದ ಮಾತು ಅದು. ಅದನ್ನು ಮೇಜಿನ ಈಚೆ ಕೂತು ಕೇಳಿದರೆ ಹೇಗಿರುತ್ತದೆ ಎಂದು ಅವತ್ತು ಗೊತ್ತಾಯಿತು.

ಆಗ ನನಗೆ ಐವತ್ತೊಂದು. ಮುಟ್ಟು ನಿಂತು ಒಂದು ವರ್ಷ ಕಳೆದಿತ್ತು. ಮೀಟಿಂಗಿನ ನಡುವೆ ಇದ್ದಕ್ಕಿದ್ದಂತೆ ಕತ್ತಿನಿಂದ ನೆತ್ತಿಯವರೆಗೆ ಬೆಂಕಿ ಏರುವುದು, ಫೈಲಿನಿಂದ ಗಾಳಿ ಹಾಕಿಕೊಳ್ಳುವುದು, ಎದುರಿನವರು ಫ್ಯಾನು ನೋಡುವುದು, ಇವೆಲ್ಲ ನಡೆದಿದ್ದವು. ಮೇ ತಿಂಗಳ ಚೆನ್ನೈನಲ್ಲಿ ಯಾವ ಶಾಖ ಊರಿನದು, ಯಾವುದು ನನ್ನದು ಎಂದು ತಿಳಿಯುವುದೂ ಕಷ್ಟ. ಸ್ತ್ರೀರೋಗದ ಡಾಕ್ಟರಮ್ಮ ಈಸ್ಟ್ರೋಜನ್ ಮಾತ್ರೆ ಬರೆದುಕೊಟ್ಟಿದ್ದರು. ಆ ಕಾಲಕ್ಕೆ ಅದರ ಮೇಲೆ ಎಲ್ಲರಿಗೂ ಭಾರಿ ನಂಬಿಕೆ. ಮೂಳೆಗೆ ಒಳ್ಳೆಯದು, ಹೃದಯಕ್ಕೆ ಒಳ್ಳೆಯದು, ನೆನಪಿನ ಶಕ್ತಿಗೂ ಒಳ್ಳೆಯದು ಎನ್ನುತ್ತಿದ್ದರು. ಆಗೊಮ್ಮೆ ಈಗೊಮ್ಮೆ ನುಂಗುತ್ತಿದ್ದೆ. ಅಮ್ಮನ ಡಾಕ್ಟರರ ಕೋಣೆಯಿಂದ ಬಂದ ಮೇಲೆ ನಾನು ಆ ಮಾತ್ರೆಯನ್ನು ದಿನವೂ ತೀರ್ಥ ತೆಗೆದುಕೊಳ್ಳುವ ಭಕ್ತಿಯಿಂದ ನುಂಗತೊಡಗಿದೆ. ಎರಡು ವರ್ಷವೂ ಆಗಿರಲಿಲ್ಲ, ಪತ್ರಿಕೆಯಲ್ಲಿ ಉಲ್ಟಾ ಸುದ್ದಿ ಬಂತು. ಹೊರದೇಶದಲ್ಲಿ ಸಾವಿರಾರು ಹೆಂಗಸರ ಮೇಲೆ ನಡೆದ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದ್ದಾರೆ, ಹೃದಯಕ್ಕೆ ಅಪಾಯ, ಸ್ತನಕ್ಕೆ ಕ್ಯಾನ್ಸರಿನ ಅಪಾಯ ಎಂದು. ವಯಸ್ಸಾದವರಲ್ಲಿ ಮರೆವನ್ನು ತಡೆಯುವುದಿರಲಿ, ಹೆಚ್ಚಿಸಿದರೂ ಹೆಚ್ಚಿಸೀತು ಎಂದು ಮತ್ತೊಂದು ಸುದ್ದಿ. ಮಾತ್ರೆಯ ಪಟ್ಟಿ ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ನಿಂತೆ. ತೆಗೆದುಕೊಂಡರೂ ಭಯ, ಬಿಟ್ಟರೂ ಭಯ. ಅವತ್ತು ಬೀಗದ ಕೈ ಎಂಬ ಪದ ಮರೆತದ್ದು ಮಾತ್ರೆ ನುಂಗಿದ್ದರಿಂದಲೋ, ನುಂಗುವುದು ತಡವಾದದ್ದರಿಂದಲೋ?

ಡಾಕ್ಟರಮ್ಮ ಮಾತ್ರೆ ನಿಲ್ಲಿಸಿ ಎಂದರು. ‘ಏಕೆ?’ ಎಂದದ್ದಕ್ಕೆ, ಈಗ ಹೀಗೆ ಹೇಳುತ್ತಿದ್ದಾರೆ ಎಂದರು. ಇಲ್ಲಿ ನಮ್ಮ ಮನೆಯ ಒಂದು ತಮಾಷೆ ಹೇಳಬೇಕು. ತಮಿಳಿನಲ್ಲಿ ‘ಏನ್’ ಎಂದರೆ ‘ಏಕೆ’. ಕನ್ನಡದಲ್ಲಿ ಅದೇ ‘ಏನು’. ನನ್ನ ಮಗಳು ಇಲ್ಲೇ ಓದಿದವಳು. ಕನ್ನಡ ಅರ್ಥವಾದರೂ ಬಾಯಿ ತೆರೆದರೆ ತಮಿಳು. ಅವಳು ಏಕೆ ಎಂದು ಕೇಳುತ್ತಾಳೆ, ಅಜ್ಜಿ ಏನು ಎಂಬುದಕ್ಕೆ ಉತ್ತರ ಕೊಡುತ್ತಾಳೆ. ವೈದ್ಯಶಾಸ್ತ್ರವೂ ನಮ್ಮ ಮನೆಯಲ್ಲೇ ಬೆಳೆದದ್ದೇನೋ ಎಂದು ನನಗೆ ಅನುಮಾನ.

ಏಕೆ ಎಂಬುದನ್ನು ಹುಡುಕಲು ಶನಿವಾರಗಳಂದು ಮಗಳ ಜೊತೆ ಬ್ರೌಸಿಂಗ್ ಸೆಂಟರಿಗೆ ಹೋದೆ. ಅವಳು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಳು, ಅವಳ ಪಾಲಿಗೆ ನಾನು ಒಂದು ಪ್ರಾಣಿ. ಓದಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದಪ್ಪದ ಒಂದು ಗ್ರಂಥಿ ಇದೆ. ಹುಡುಗಿ ದೊಡ್ಡವಳಾದಾಗಿನಿಂದ ಅದು ಅಂಡಾಶಯಕ್ಕೆ ಹಾರ್ಮೋನಿನ ಮೂಲಕ ಹೇಳಿ ಕಳಿಸುತ್ತಿರುತ್ತದೆ, ಅಂಡಾಶಯ ಈಸ್ಟ್ರೋಜನ್ನಿನ ಮೂಲಕ ಉತ್ತರ ಕೊಡುತ್ತಿರುತ್ತದೆ. ಒಂದು ದಿನ ಉತ್ತರ ನಿಲ್ಲುತ್ತದೆ. ಗ್ರಂಥಿ ಸುಮ್ಮನಾಗುವುದಿಲ್ಲ. ಮೊದಲಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿ ಹೇಳಿ ಕಳಿಸುತ್ತದೆ, ವರ್ಷಗಟ್ಟಲೆ. ನಮ್ಮ ಆಫೀಸಿನಿಂದ ಹೋದ ಕಾಗದ ‘ವಿಳಾಸದಾರರು ಮನೆ ಬಿಟ್ಟಿದ್ದಾರೆ’ ಎಂದು ಹಿಂದೆ ಬಂದರೂ ಮುಂದಿನ ತಿಂಗಳು ಅದೇ ವಿಳಾಸಕ್ಕೆ ಮತ್ತೆ ಹೋಗುತ್ತದಲ್ಲ, ಹಾಗೆ. ಕೆಲವು ವಿಜ್ಞಾನಿಗಳಿಗೆ ಈ ಕಾಗದಗಳ ಮೇಲೆಯೇ ಸಂಶಯ. ಉತ್ತರ ಇಲ್ಲದಿರುವುದು ಮಾತ್ರವಲ್ಲ, ನಿಲ್ಲದ ಈ ಕರೆಯೂ ಮೆದುಳಿಗೆ ಕೆಡುಕು. ಸುಮ್ಮನಿರಬೇಕಾದ ಮುದಿ ನರಕೋಶಗಳು ಅದನ್ನು ಕೇಳಿ ಮತ್ತೆ ಬೆಳೆಯಲು ಹೊರಟು ಹಾಳಾಗುತ್ತವೆ ಎನ್ನುತ್ತಾರೆ. ಇನ್ನು ಕೆಲವರು ಅದನ್ನು ಒಪ್ಪುವುದಿಲ್ಲ. ಗಂಡಸರಲ್ಲಿ ಹಾರ್ಮೋನು ಇಳಿಯುವುದು ನಿಧಾನವಂತೆ. ಬ್ಯಾಂಕಿನಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿದ್ದ ಯಜಮಾನರಿಗೆ ಇದನ್ನು ಹೇಳಿದಾಗ, ‘ನಮ್ಮದು ಲಾಂಗ್ ಲೀವು, ನಿಮ್ಮದು ಡಿಸ್‌ಮಿಸ್ಸು’ ಎಂದರು. ನಾನು ನಗಲಿಲ್ಲ. ಅವತ್ತಿನಿಂದ ಗಿಂಡಿಯ ಬಸ್ಸಿನಲ್ಲಿ ಕೂತು ಸ್ಟಾಪುಗಳನ್ನು ಹಿಂದುಮುಂದಾಗಿ ಹೇಳಿಕೊಳ್ಳುತ್ತೇನೆ. ಒಂದು ತಪ್ಪಿದರೆ ಆ ದಿನವೆಲ್ಲ ಅನ್ನ ಸೇರುವುದಿಲ್ಲ.

ಹೀಗಿರುವಾಗ ಒಂದು ಭಾನುವಾರ ಬೆಳಗ್ಗೆ ಅಮ್ಮ ಬಾಲ್ಕನಿಯಲ್ಲಿ ಹೋಗಿ ಕೂತಳು. ಪಕ್ಕದಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಮಗಳು ಹೋಗಿ, ‘ಏನ್ ಪಾಟಿ?’ ಎಂದಳು. ಏಕೆ ಅಜ್ಜಿ, ಎಂದು.

‘ಏನಿಲ್ಲ ಮಗು. ಹೊರಗಾಗಿದೀನಿ, ದೂರ ನಿಲ್ಲು.’

ಈ ಮಾತು ಕೇಳಿ ಎಷ್ಟೋ ವರ್ಷವಾಗಿತ್ತು. ನನ್ನ ಚಿಕ್ಕಂದಿನಲ್ಲಿ ನಮ್ಮ ಕೂಡು ಕುಟುಂಬದ ಮನೆಯಲ್ಲಿ ಮುಟ್ಟಾದ ಹೆಂಗಸರು ಮೂರು ದಿನ ಹೊರಗೆ ಕೂರಬೇಕಿತ್ತು. ಯಾರನ್ನೂ ಮುಟ್ಟುವಂತಿಲ್ಲ, ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ. ಅಮ್ಮನ ಸೊಂಟದಲ್ಲಿದ್ದ ಉಗ್ರಾಣದ ಬೀಗದ ಕೈ ಗೊಂಚಲು ಆ ಮೂರು ದಿನ ದೊಡ್ಡಮ್ಮನಿಗೆ ಹೋಗುತ್ತಿತ್ತು. ಮನೆಯ ಐದು ಹೆಂಗಸರ ದಿನಗಳ ಲೆಕ್ಕವೂ ಅಮ್ಮನ ತಲೆಯಲ್ಲೇ. ನಾನು ನೌಕರಿಗೆ ಸೇರಿದ ಮೇಲೆ ಅದನ್ನೆಲ್ಲ ಬಿಟ್ಟೆ. ಆಫೀಸಿನಲ್ಲಿ ಹೊರಗೆ ಕೂರುವವರಿಗೆ ಬೇರೆ ಕುರ್ಚಿ ಹಾಕುವುದಿಲ್ಲ. ಅಮ್ಮನಿಗೂ ಮುಟ್ಟು ನಿಂತು ಕಾಲು ಶತಮಾನ ದಾಟಿತ್ತು. ಈಗ ಎಪ್ಪತ್ತೇಳನೆಯ ವಯಸ್ಸಿನಲ್ಲಿ ಅವಳು ಹೊರಗೆ. ಆ ಕಡಲೆಕಾಳಿನ ಗ್ರಂಥಿ ಹಾಕಿದ ಯಾವುದೋ ಹಳೆಯ ಕಾಗದ ಇವತ್ತು ಬಂದು ತಲುಪಿತೇನೋ ಎನ್ನಿಸಿತು.

ಮೊದಮೊದಲು ಯಜಮಾನರು ತಮಾಷೆ ಮಾಡಿದರು. ಹತ್ತು ಗಂಟೆಯ ಹೊತ್ತಿಗೆ ಬಾಲ್ಕನಿಗೆ ಬಿಸಿಲು ನುಗ್ಗಿತು, ತಮಾಷೆ ನಿಂತಿತು. ಅಮ್ಮ ಏಳಲಿಲ್ಲ. ರಕ್ತದೊತ್ತಡದ ಮಾತ್ರೆ ಬೇಡ, ನೀರೂ ಬೇಡ. ತಟ್ಟೆ ಹತ್ತಿರ ತಂದರೆ ಅಷ್ಟು ದೂರ ಸರಿದು ಗೋಡೆಗೆ ಅಂಟಿಕೊಳ್ಳುತ್ತಾಳೆ. ತುಟಿ ಒಣಗಿತ್ತು, ಮುಖ ಕೆಂಪಾಗಿತ್ತು. ಎತ್ತಿಕೊಂಡು ಬರೋಣವೆಂದು ನಾನು ಕೈ ಚಾಚಿದೆ.

‘ಮುಟ್ಟಬೇಡ!’

ನನ್ನ ಏಳನೆಯ ವಯಸ್ಸಿನಲ್ಲಿ ಕೇಳಿದ್ದ ಅದೇ ದನಿ, ಒಂದು ಎಳೆಯೂ ಸವೆದಿರಲಿಲ್ಲ. ನನ್ನ ಹೆಸರು ಅವಳಿಗೆ ನೆನಪಿಲ್ಲ, ತಿಂಗಳುಗಳಿಂದ ನಾನು ‘ಏ, ಇವಳೇ’. ಹೆಸರು ಹೋದರೂ ಭಯ ಹೋಗಿರಲಿಲ್ಲ. ನನಗೆ ಅದೇ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ನನಗೂ ಹೀಗಾದ ಮೇಲೆ ಬಾಳೆಹಣ್ಣು, ಕುರ್ಚಿ, ಮಗಳು ಎಲ್ಲ ಹೋಗಿ, ಈ ಭಯವೊಂದು ಮಾತ್ರ ಉಳಿದರೆ? ಒಳಗೆ ಬಂದು ಅಡುಗೆಮನೆಯಲ್ಲಿ ಅತ್ತುಬಿಟ್ಟೆ.

ಕಣ್ಣು ಒರೆಸಿಕೊಳ್ಳುವಾಗ ಒಂದು ವಿಷಯ ಹೊಳೆಯಿತು. ಹೊರಗೆ ಕೂತವರು ಒಳಗಿನವರನ್ನು ಮುಟ್ಟುವಂತಿಲ್ಲ ನಿಜ. ಹೊರಗೆ ಕೂತ ಇಬ್ಬರು ಜೊತೆಯಲ್ಲಿ ಕೂರುವುದಕ್ಕೆ ನಮ್ಮ ಮನೆಯಲ್ಲಿ ಯಾವ ಅಡ್ಡಿಯೂ ಇರಲಿಲ್ಲ. ನಾನೊಂದು ಚಾಪೆ, ಒಂದು ತಟ್ಟೆ, ಒಂದು ಚೊಂಬು ನೀರು ಹಿಡಿದು ಬಾಲ್ಕನಿಯ ಬಾಗಿಲಲ್ಲಿ ನಿಂತೆ. ‘ಅಮ್ಮ, ನಾನೂ ಹೊರಗೆ.’

ಅಮ್ಮ ಮುಖ ಎತ್ತಿ ನೋಡಿದಳು. ಸರಿದು ಜಾಗ ಮಾಡಿದಳು. ‘ಬಾ, ಕೂತ್ಕೋ. ಎಷ್ಟನೇ ದಿನ?’

ಸುಳ್ಳಿಗೂ ಒಂದು ಲೆಕ್ಕ ಬೇಕಲ್ಲ. ನನ್ನ ಕೊನೆಯ ಮುಟ್ಟು ಯಾವಾಗ ಎಂದು ಯೋಚಿಸಿದೆ, ನೆನಪಾಗಲಿಲ್ಲ. ಈ ಸಲ ಹೆದರಲಿಲ್ಲ. ಅದು ಯಾರಿಗೂ ನೆನಪಿರುವಂಥದಲ್ಲ. ಬಂದಾಗ ಇದು ಕೊನೆಯದು ಎಂದು ಹೇಳಿ ಬರುವುದಿಲ್ಲ. ಅಮ್ಮ ಕೊನೆಯ ಸಲ ನನ್ನ ಹೆಸರು ಹಿಡಿದು ಕರೆದದ್ದೂ ಹಾಗೆಯೇ, ಯಾವುದೋ ಸಾಧಾರಣ ದಿನ, ನಾನು ಓಗೊಟ್ಟೆನೋ ಇಲ್ಲವೋ ಗೊತ್ತಿಲ್ಲ.

‘ಮೊದಲನೇ ದಿನ ಅಮ್ಮ’ ಎಂದೆ.

ಅವಳು ನನ್ನ ಕೈಯಿಂದಲೇ ನೀರು ಕುಡಿದಳು, ಪೂರ್ತಿ ಚೊಂಬು. ಮಾತ್ರೆಯನ್ನೂ ನುಂಗಿದಳು. ‘ಇಲ್ಲಿ ಬಿಸಿಲು, ಆ ಮೂಲೆಗೆ ಹೋಗೋಣ ಬಾ’ ಎಂದು ನಾನು ಕರೆದಾಗ ನನ್ನ ಭುಜ ಹಿಡಿದು ಎದ್ದು, ಹಾಲ್‌ನ ಮೂಲೆಗೆ ಬಂದು ಕೂತಳು. ಯಜಮಾನರೂ ಮಗಳೂ ದೂರದಲ್ಲಿ ಕೈಕಟ್ಟಿ ನಿಂತಿದ್ದರು, ಒಳಗಿನವರು. ಅಮ್ಮ ನನ್ನ ಸೊಂಟದ ಕಡೆ ನೋಡಿದಳು. ಹುಬ್ಬು ಗಂಟಿಕ್ಕಿತು.

‘ಬೀಗದ ಕೈ ಯಾರಿಗೆ ಕೊಟ್ಟು ಬಂದೆ?’

ಡಾಕ್ಟರರ ಕೋಣೆಯಲ್ಲಿ ನಮ್ಮಿಬ್ಬರಿಗೂ ಸಿಗದಿದ್ದ ಮೂರನೆಯ ಪದ, ಯಾರೂ ಕೇಳದೆ, ಅಚ್ಚ ಕನ್ನಡದಲ್ಲಿ. ಯಜಮಾನರ ಕಡೆ ಕೈ ತೋರಿಸಿದೆ.

‘ಸರಿ ಬಿಡು’ ಎಂದಳು ಅಮ್ಮ. ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ‘ಅದಕ್ಕೆ ಯಾಕೆ ಹೀಗೆ ಹೆದರ್ತಿದೀಯ? ಇವತ್ತು ಮೊದಲನೇ ದಿನ ತಾನೇ. ಒಳಗಿಂದು ಒಳಗಿನವರು ನೋಡ್ಕೋತಾರೆ. ಸುಮ್ನೆ ಕೂತ್ಕೋ.’

ನನ್ನ ಭಯ ಹೋಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಈಗಲೂ ಡ್ರಾಯರಿನ ಮುಂದೆ ನಿಲ್ಲುತ್ತೇನೆ, ಬೆರಳಲ್ಲಿರುವ ವಸ್ತುವಿನ ಹೆಸರು ಕೇಳಿಕೊಳ್ಳುತ್ತೇನೆ. ಕೆಲವು ದಿನ ಬೆಳಗ್ಗೆ ಉತ್ತರ ತಡವಾಗುತ್ತದೆ, ಬೆವರುತ್ತೇನೆ. ಆಗ ‘ಎಷ್ಟನೇ ದಿನ?’ ಎಂದು ಅಮ್ಮನ ದನಿಯಲ್ಲಿ ಕೇಳಿಕೊಂಡು, ‘ಇನ್ನೂ ಮೊದಲನೇದು’ ಎಂದು ಹೇಳಿ ಡ್ರಾಯರು ತೆಗೆಯುತ್ತೇನೆ.