ನಲವತ್ತು ಹುಣಸೆ ಬೀಜ, ನಲವತ್ತು ನಿಮಿಷ

ಹಡಗಲಿ ತಾಲ್ಲೂಕಿನ ನಮ್ಮೂರಲ್ಲಿ ಹೈಸ್ಕೂಲಿನ ಗಂಟೆ ಕೇಳಿ ಹೊಲದವರು ಬುತ್ತಿ ಬಿಚ್ಚುತ್ತಿದ್ದ ಕಾಲ ಅದು. ನಮ್ಮ ಒಂಬತ್ತನೇ ತರಗತಿಯಲ್ಲಿ ಕೈಗೆ ವಾಚು ಕಟ್ಟುತ್ತಿದ್ದವಳು ಶಾಹಿನಾ ಒಬ್ಬಳೇ. ಅವಳ ಅಪ್ಪ ಪಂಪ್‌ಸೆಟ್ ಮೋಟರು ರಿಪೇರಿ ಮಾಡುತ್ತಿದ್ದರು. ವಾಚು ಅವರದೇ, ಅವಳ ಕೈಯಲ್ಲಿ ಮೊಣಕೈವರೆಗೆ ಜಾರುತ್ತಿತ್ತು. ಆ ಚಳಿಗಾಲ ಶಾಲೆಯಲ್ಲಿ ಅಣಕು ಸಂಸತ್ತು ನಡೆಸುವುದೆಂದಾದಾಗ ಅವಳನ್ನು ಸ್ಪೀಕರ್ ಮಾಡಲು ಆ ವಾಚೇ ಮುಖ್ಯ ಕಾರಣ. ಅವಳಲ್ಲಿ ಬೇರೆ ಗುಣಗಳೂ ಇದ್ದದ್ದು ನಮಗೆ ಆಮೇಲೆ ಗೊತ್ತಾಯಿತು.

ಸದನದಲ್ಲಿ ಇಪ್ಪತ್ತು ಸದಸ್ಯರು. ಆಡಳಿತ ಪಕ್ಷಕ್ಕೆ ಹನ್ನೆರಡು, ವಿರೋಧ ಪಕ್ಷಕ್ಕೆ ಏಳು. ಪ್ರಧಾನಿ ಕೊಟ್ರೇಶ, ವಿರೋಧ ಪಕ್ಷದ ನಾಯಕಿ ನಾನು. ಉಳಿದ ಒಬ್ಬಳು ಪಕ್ಷೇತರ ಸದಸ್ಯೆ ರೇಣುಕಾ. ಹೊಳೆ ಕಡೆಯ ಸಣ್ಣ ಹಳ್ಳಿಯಿಂದ ಬರುತ್ತಿದ್ದ ಐದು ಹುಡುಗಿಯರಲ್ಲಿ ಅವಳೂ ಒಬ್ಬಳು. ಮನೆಯಲ್ಲಿ ಕುರಿ ಸಾಕುತ್ತಿದ್ದರು. ಚರ್ಚೆಗೆ ನಲವತ್ತು ನಿಮಿಷ. ಹಂಚಿಕೆಯನ್ನು ನೀವೇ ಮಾಡಿಕೊಂಡು ಸಹಿ ಹಾಕಿ ತನ್ನಿ, ನಾನು ನಡುವೆ ಬರುವುದಿಲ್ಲ ಎಂದು ಸಮಾಜ ವಿಜ್ಞಾನದ ಮೇಷ್ಟ್ರು ಹೇಳಿಬಿಟ್ಟರು.

ಮಧ್ಯಾಹ್ನ ಊಟವಾದ ಮೇಲೆ ಬೇವಿನ ಮರದ ಕೆಳಗೆ ಕೂತೆವು. ಕೈಯಲ್ಲಿ ಇನ್ನೂ ಶೇಂಗಾ ಚಟ್ನಿಯ ವಾಸನೆ. ಚೌಕಾಬಾರ ಆಡಲು ಡಬ್ಬಿಯಲ್ಲಿ ಕೂಡಿಟ್ಟಿದ್ದ ಹುಣಸೆ ಬೀಜಗಳನ್ನು ಶಾಹಿನಾ ನೆಲಕ್ಕೆ ಸುರಿದು ನಲವತ್ತು ಎಣಿಸಿದಳು.

"ಒಂದು ಬೀಜ ಅಂದ್ರ ಒಂದು ನಿಮಿಷ. ಗದ್ದಲ ಮಾಡಿದವ್ರ ಬೀಜ ನಾನು ತಗೀತೀನಿ" ಎಂದಳು.

"ತಗದು ಏನು ಮಾಡ್ತಿ, ಹುರಕೊಂಡು ತಿಂತೀಯೇನು?" ಎಂದ ಕೊಟ್ರೇಶ. ಅವಳು ಅವನ ಮುಂದಿನಿಂದ ಒಂದು ಬೀಜ ತೆಗೆದಳು. ಅವನು ಸುಮ್ಮನಾದ ಮೇಲೆ ವಾಪಸ್ ಇಟ್ಟಳು.

ತಲೆಗೆ ಎರಡರಂತೆ ಹಂಚಿದರೆ ಕೊಟ್ರೇಶನಿಗೆ ಇಪ್ಪತ್ನಾಲ್ಕು, ನನಗೆ ಹದಿನಾಲ್ಕು, ರೇಣುಕಾಗೆ ಎರಡು. ಲೆಕ್ಕದಲ್ಲಿ ತಪ್ಪಿರಲಿಲ್ಲ. ರೇಣುಕಾ ಮಾತ್ರ ತನ್ನ ಎರಡು ಬೀಜ ನೋಡುತ್ತಾ ಕೂತಿದ್ದಳು.

ಅವಳ ಕಷ್ಟ ನಮಗೆಲ್ಲ ಗೊತ್ತಿತ್ತು. ಅವಳೂರಿಗೆ ಕೊನೆಯ ಬಸ್ಸು ನಾಲ್ಕೂ ಕಾಲಿಗೆ. ಶಾಲೆ ಬಿಡುವುದು ನಾಲ್ಕೂವರೆಗೆ. ಐವರೂ ನಡೆದೇ ಹೋಗುತ್ತಿದ್ದರು. ಚಳಿಗಾಲದಲ್ಲಿ ಮನೆ ಸೇರುವಷ್ಟರಲ್ಲಿ ಕತ್ತಲು. ಸಂಕ್ರಾಂತಿಯ ನಂತರ ಶಾಲೆ ಬೇಡ ಎಂದು ಅವಳ ಅಪ್ಪ ಹೇಳಿಯಾಗಿತ್ತು. ನಮ್ಮ ಸಂಸತ್ತಿನ ದಿನವೇ ಬಸ್ ಪಾಸ್ ಹಂಚಲು ಡಿಪೋದ ಸಾಹೇಬರು ಬಂದು ಸದನದಲ್ಲಿ ಅತಿಥಿಯಾಗಿ ಕೂರುವವರಿದ್ದರು. ಅವರು ಕೇಳುವಂತೆ ಮಾತಾಡಲು ರೇಣುಕಾಗೆ ಅದೊಂದೇ ದಾರಿ.

"ನಮ್ಮ ಪಕ್ಷಕ್ಕ ಬಾ, ಐದು ಕೊಡ್ತೀವಿ" ಎಂದ ಕೊಟ್ರೇಶ.

"ನಿಮ್ಮ ಪಕ್ಷದಾಗ ಕುಂತು ನಿಮ್ಮ ಸಾರಿಗಿ ಮಂತ್ರಿನ್ನ ಪ್ರಶ್ನಿ ಕೇಳಾಕ ಬಿಡ್ತೀಯೇನು?" ಎಂದಳು ರೇಣುಕಾ.

"ಹಂಗಾದ್ರ ನಮ್ಮ ಕಡಿ ಬಾ" ಎಂದೆ ನಾನು.

"ನೀನು ಭಾಷಣ ಮುಗಿಸಿ ನನಗ ಪಾಳಿ ಬರೋದ್ರಾಗ ಸಾಹೇಬ್ರು ಪಾಸ್ ಹಂಚಿ ಮನಿ ಸೇರಿರ್ತಾರ ಸುಮಾ."

ಎಲ್ಲರೂ ನಕ್ಕರು. ರೇಣುಕಾ ಶಾಹಿನಾಳ ಕಡೆ ತಿರುಗಿ, ನೀನೇ ನಾಲ್ಕು ಕೊಡು ಎಂದಳು. "ಸ್ಪೀಕರ್ ಹತ್ರ ಒಂದೂ ಬೀಜ ಇಲ್ಲ. ನಾನು ಕಸಗೊಂಡು ಕೊಡಾಕ ಬರಂಗಿಲ್ಲ. ಇದ್ದವ್ರು ಬಿಡಬೇಕು" ಎಂದಳು ಶಾಹಿನಾ.

ಕೊಟ್ರೇಶ ತಲೆ ಕೆರೆದುಕೊಂಡು ಹೇಳಿದ: "ನಮ್ಮದು ನಾಕು ಮನಿಗೆ ಒಂದ ಬೋರು. ಕರೆಂಟ್ ಇದ್ದಷ್ಟು ಹೊತ್ತು ಪಾಳಿ ಪ್ರಕಾರ ನೀರು. ಆದ್ರ ಯಾರರ ಹೊಸದಾಗಿ ಸಸಿ ಹಚ್ಚಿದ್ರ ಅವ್ರಿಗೆ ಮೊದಲು ಬಿಡ್ತೀವಿ. ನಮ್ಮಪ್ಪ, ಕಾಕಾ ಎಲ್ಲಾದಕ್ಕೂ ಜಗಳಾಡ್ತಾರ. ಇದಕ್ಕ ಮಾತ್ರ ಆಡಂಗಿಲ್ಲ. ಬೆಳೆದ ಗಿಡ ಒಂದಿನ ತಡಕೊಂತೈತಿ, ಸಸಿ ತಡಕೊಳ್ಳಂಗಿಲ್ಲ."

ಹೀಗೆಂದು ಆರು ಬೀಜಗಳನ್ನು ಅಂಗೈಯಿಂದ ಅವಳ ಕಡೆ ಸರಿಸಿದ. ಅವನ ಹಿಂದೆ ಕೂತ ಮಂತ್ರಿಗಳು ಗೊಣಗಿದರು. "ಲೇ, ನೀವು ಮಾತಾಡೋದು ಏನೈತಿ, ಹೇಳ್ರಿ ನೋಡೋಣ" ಎಂದ.

ನಡೆದದ್ದನ್ನು ನಡೆದಂತೆ ಬರೆಯಬೇಕು. ಮೊದಲು ಬಿಟ್ಟುಕೊಟ್ಟವಳು ನಾನಲ್ಲ. ಕನ್ನಡಿಯ ಮುಂದೆ ನಿಂತು ನನ್ನ ಭಾಷಣವನ್ನು ಬಾಯಿಪಾಠ ಮಾಡಿದ್ದೆ. ಕೊಟ್ರೇಶ ಕೊಟ್ಟದ್ದನ್ನು ನೋಡಿ ನಾಚಿಕೆಗೆ ಎರಡು ಬೀಜ ಸರಿಸಿದೆ. ರೇಣುಕಾ ಅವನ ಆರನ್ನು ಇಟ್ಟುಕೊಂಡು ನನ್ನ ಎರಡನ್ನು ಹಿಂದಕ್ಕೆ ಕೊಟ್ಟಳು. "ಎಂಟು ಸಾಕು. ನಿನ್ನದು ನಡುವ ಕಡದ್ರ ಮುಂದಿಂದು ಮರಿತಿ" ಎಂದಳು. ಅದರಲ್ಲಿ ಕುಹಕವಿರಲಿಲ್ಲ. ಅದೇ ನನ್ನನ್ನು ಚುಚ್ಚಿತು.

ಸಂಸತ್ತಿನ ದಿನ ರೇಣುಕಾ ಅವಸರ ಮಾಡಲಿಲ್ಲ. ಬೆಳಿಗ್ಗೆ ಎದ್ದು ಕುರಿಹಟ್ಟಿ ಕಸ ಹೊಡೆಯುವುದರಿಂದ ಹಿಡಿದು ದೀಪ ಹಚ್ಚಿದ ಮೇಲೆ ಮನೆ ಸೇರುವವರೆಗೆ ಒಂದು ದಿನವನ್ನು ಗಂಟೆ ಗಂಟೆಯಾಗಿ ಹೇಳಿದಳು. ಐದು ಹುಡುಗಿಯರ ಹೆಸರು ಹೇಳಿದಳು. ಎಂಟನೇ ನಿಮಿಷ ಮುಗಿಯುವ ಮೊದಲೇ ಕೂತಳು.

ಸಾರಿಗೆ ಮಂತ್ರಿ ಎದ್ದು "ಪರಿಶೀಲಿಸಲಾಗುವುದು" ಎಂದ. ಕೊಟ್ರೇಶ ಅವನ ಅಂಗಿ ಹಿಡಿದು ಕೂರಿಸಿದ. "ಅಧ್ಯಕ್ಷರೇ, ಸರ್ಕಾರದ ಹತ್ರ ಉತ್ತರ ಇಲ್ರಿ. ಉತ್ತರ ಇದ್ದವ್ರು ಮುಂದಿನ ಕುರ್ಚ್ಯಾಗ ಕುಂತಾರ್ರಿ."

ಡಿಪೋದ ಸಾಹೇಬರು ನಗುತ್ತಾ ಏಳಲು ಹೋದರು. "ಕುಂದರ್ರಿ ಸರ. ಅತಿಥಿಗಳಿಗೆ ಸದನದಾಗ ಸಮಯ ಇಲ್ರಿ" ಎಂದಳು ಶಾಹಿನಾ. ಮೇಷ್ಟ್ರು ಹಣೆಗೆ ಕೈ ಹಚ್ಚಿದರು. ಅವಳು ವಾಚನ್ನು ಮಣಿಕಟ್ಟಿಗೆ ಎಳೆದುಕೊಂಡು ಸದನವನ್ನೇ ನೋಡುತ್ತಿದ್ದಳು. ಇದ್ದವರು ಬಿಡಬೇಕು.

ಮುಂದಿನ ಪಾಳಿ ನನ್ನದು. ಎದ್ದು ನಿಂತೆ. "ನನ್ನ ಸಮಯದಾಗ ಎರಡು ನಿಮಿಷ ಅವ್ರಿಗೆ ಬಿಟ್ಟೀನ್ರಿ."

ಸಾಹೇಬರು ಎರಡು ನಿಮಿಷವನ್ನೂ ಬಳಸಲಿಲ್ಲ. "ಬಸ್ಸು ಅರ್ಧ ತಾಸು ತಡ ಮಾಡಿ ಬಿಡಸ್ತೀನಿ. ನಿಮ್ಮಪ್ಪಗ ನಾನು ಹೇಳೀನಿ ಅಂತ ಹೇಳವಾ" ಎಂದರು. ಆಮೇಲೆ ನನ್ನ ಭಾಷಣ ಶುರುವಾಯಿತು. ರೇಣುಕಾ ಹೇಳಿದಂತೆಯೇ ನಡುವೆ ಮರೆತುಹೋಯಿತು. ಕೂತುಬಿಟ್ಟೆ. ಹದಿನೈದು ದಿನ ಕಳೆದು ಬಸ್ಸಿನ ವೇಳೆ ಬದಲಾಯಿತು. ರೇಣುಕಾ ಹತ್ತನೇ ತರಗತಿ ನಮ್ಮ ಜೊತೆಯಲ್ಲೇ ಮುಗಿಸಿದಳು.

ಈಗ ನಾನು ಪತ್ರಿಕೆಗೆ ನಿಜವಾದ ಸದನದ ಕಲಾಪ ವರದಿ ಮಾಡುತ್ತೇನೆ. ಪಕ್ಷಕ್ಕಿಷ್ಟು ನಿಮಿಷ ಎಂಬ ಹಂಚಿಕೆ ಅಲ್ಲೂ ಇದೆ, ಗಂಟೆಯೂ ಇದೆ. ಇನ್ನೆರಡು ನಿಮಿಷ ಕೊಡಿ ಎಂದವರನ್ನು ಎಷ್ಟೋ ಬಾರಿ ಬರೆದಿದ್ದೇನೆ. ತನ್ನದನ್ನು ಬಿಟ್ಟೆ ಎಂದವರನ್ನು ಬರೆಯುವ ಪ್ರಸಂಗ ನನಗೆ ಇನ್ನೂ ಬಂದಿಲ್ಲ. ಅವರನ್ನಷ್ಟೇ ದೂರುವಂತಿಲ್ಲ. ಪತ್ರಿಕೆಯಲ್ಲಿ ನನ್ನ ವರದಿಗೆ ಸಿಕ್ಕ ಜಾಗದಲ್ಲಿ ನಾಲ್ಕು ಸಾಲು ಕಡಿದು ಇನ್ನೊಬ್ಬರ ಸುದ್ದಿಗೆ ಕೊಟ್ಟದ್ದು ಯಾವಾಗ ಎಂದು ಕೇಳಿಕೊಂಡರೆ, ನನಗೆ ಒಂದು ದಿನವೂ ನೆನಪಾಗುವುದಿಲ್ಲ.