ಕಲಾಯಿ ಮನೆತನದ ಶಾರ್ಕ್

ಮೇಸ್ತ್ರಿಯ ಮುತ್ತಾತನನ್ನು ಜನ ಕೆಂಪುಗೈ ಎಂದೇ ಕರೆಯುತ್ತಿದ್ದರು. ಎಂಟು ಜನ ಹೊರಬೇಕಾದ ಹಂಡೆಯನ್ನು ಒಂದೇ ಒಂದು ಬೆಸುಗೆಯಿಲ್ಲದೆ ತಾಮ್ರದ ತಗಡಿನಿಂದ ಬಡಿದೆಬ್ಬಿಸಿದ ಗಂಡಸು. ಅವನ ಮಗ, ಅಂದರೆ ತಾತ, ಕಲಾಯಿಗಾರ. ತಾಮ್ರದ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಕರಗಿದ ತವರವನ್ನು ಹತ್ತಿಯಲ್ಲಿ ಒಂದೇ ಉಸಿರಿಗೆ ಸವರಿದನೆಂದರೆ ಅದರಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದಿತ್ತು. ಅವನು ಕಲಾಯಿ ಹಾಕಿದ ಪಾತ್ರೆಯಲ್ಲಿ ಉಂಡು ಒಬ್ಬನೂ ಹೊಟ್ಟೆ ಹಿಡಿದುಕೊಂಡು ಮಲಗಿದ್ದಿಲ್ಲ. ಮನೆತನದ ದೊಡ್ಡಸ್ತಿಕೆಯೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು. ಸ್ಟೀಲು ಬಂದು ಕಸುಬು ಮೂಲೆಗೆ ಬಿದ್ದಾಗ ಅಪ್ಪ ಲಾರಿಗಳ ರೇಡಿಯೇಟರಿಗೆ ಬೆಸುಗೆ ಹಾಕಿ ಸಂಸಾರ ಎಳೆದ. ಇವನು ಫ್ರಿಜ್ ಮೇಸ್ತ್ರಿಯಾದ.

ಅರವತ್ತು ದಾಟಿದ ಮೇಲೆ ಮೇಸ್ತ್ರಿಗೆ ಶಾರ್ಕಿನ ಹುಚ್ಚು ಹಿಡಿಯಿತು. ಹಿಡಿಸಿದವನು ಹೆಂಡತಿಯ ತಮ್ಮ, ಸಾಕು ಮೀನುಗಳ ಅಂಗಡಿಯವನು. ಒಂದು ದಿನ ಅವನು ಚರ್ಮದ ಚೀಲದಂಥ ಮೊಟ್ಟೆಯೊಂದನ್ನು ದೀಪಕ್ಕೆ ಹಿಡಿದು ತೋರಿಸಿದ. ಒಳಗೆ ದಾರದಷ್ಟು ಜೀವ ಬಾಲ ಆಡಿಸುತ್ತಿತ್ತು. ಬೆಳೆದರೂ ಮೂರಡಿ ದಾಟದ, ಮೈತುಂಬ ಪಟ್ಟೆಯಿರುವ, ಮರಳಿನ ಮೇಲೆ ಸೋಮಾರಿಯಂತೆ ಬಿದ್ದುಕೊಳ್ಳುವ ಜಾತಿ. ಮೇಸ್ತ್ರಿ ಅದನ್ನು ಮನೆಗೆ ತಂದ. ಅದರ ಹಿಂದೆಯೇ ಆಳೆತ್ತರದಷ್ಟು ಉದ್ದದ ಗಾಜಿನ ತೊಟ್ಟಿ ಬಂತು.

"ಸೋಫಾ ಎಲ್ಲಿ ಹೋಯ್ತು?" ಎಂದಳು ಹೆಂಡತಿ.

"ಮಹಡಿ ಮೇಲೆ."

"ಬಂದವರು ಎಲ್ಲಿ ಕೂರ್ಬೇಕು?"

"ನಿಂತು ನೋಡ್ಲಿ. ಇಂಥದ್ದನ್ನ ಯಾರಾದ್ರೂ ಕೂತ್ಕೊಂಡು ನೋಡ್ತಾರಾ?"

ಮೊಟ್ಟೆ ಒಡೆದು ಮರಿ ಬಂದ ದಿನದಿಂದ ಹೆಂಡತಿ ಅದಕ್ಕೆ ಸವತಿ ಎಂದು ಹೆಸರಿಟ್ಟಳು. "ನಿಮ್ಮ ಊಟ ಆರಿ ಹೋಗ್ತಿದೆ ರೀ, ಸವತಿದು ಮುಗೀತಾ?" ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದಳು. ಅವನು ಸಿಗಡಿಯನ್ನು ಉಗುರಿನಷ್ಟು ಕತ್ತರಿಸಿ ಚಿಮುಟದಲ್ಲಿ ಹಿಡಿದು ತಿನ್ನಿಸುತ್ತಿದ್ದ. ಉಪ್ಪು ಬೆರೆಸಿದ ನೀರಿನ ಹದ ದಿನಕ್ಕೆರಡು ಸಲ ನೋಡುತ್ತಿದ್ದ. ಒಂದು ವರ್ಷದಲ್ಲಿ ಅದು ಮೊಳದುದ್ದವಾಗಿ, ಅವನ ಹೆಜ್ಜೆ ಸದ್ದಿಗೆ ಮೂತಿ ಎತ್ತುವಷ್ಟು ಸಲಿಗೆ ಬೆಳೆಸಿಕೊಂಡಿತ್ತು. ಮಕ್ಕಳಿಲ್ಲದ ಮನೆಯಲ್ಲಿ ಹಾಗೆ ತಲೆಯೆತ್ತಿ ನೋಡುವ ಜೀವ ಅದೊಂದೇ.

ಬಿಸಿಲು ಏರಿತು. ತೊಟ್ಟಿಯ ನೀರು ಬೆಚ್ಚಗಾಗಿ ಮೀನು ಸುಸ್ತಾಯಿತು. ಭಾಮೈದ ಬಂದು ನೋಡಿ ಹೇಳಿದ, "ಭಾವ, ಹೀಗೇ ಬಿಟ್ರೆ ಇದು ಉಳಿಯಲ್ಲ. ನೀರು ತಣ್ಣಗೆ ಮಾಡೋ ಮೆಷಿನ್ ನನ್ನ ಹತ್ರ ಇದೆ, ತಂದು ಹಾಕ್ತೀನಿ."

"ನಲವತ್ತು ವರ್ಷ ಊರಿನೋರ ನೀರನ್ನೆಲ್ಲ ತಣ್ಣಗೆ ಮಾಡಿದವನಿಗೆ ನೀನು ಮೆಷಿನ್ ತರ್ತೀಯಾ? ನಗ್ತಾರೆ ಕಣೋ."

"ಹಾಗಾದ್ರೆ ನೀವೇ ಮಾಡಿ. ಆದ್ರೆ ನೀರಿಗೆ ತಾಮ್ರ ಮುಟ್ಟಿಸ್ಬೇಡಿ. ಶಾರ್ಕಿಗೆ ಅದು ವಿಷ."

"ತಾಮ್ರ ವಿಷ ಅಂತ ನನಗೇ ಪಾಠ ಹೇಳ್ತೀಯೇನೋ? ಮತ್ತೆ ಕಲಾಯಿ ಅಂತ ಯಾತಕ್ಕಿರೋದು?"

ಮೇಸ್ತ್ರಿ ಹಳೇ ಫ್ರಿಜ್ಜಿನ ಕಂಪ್ರೆಸರ್ ಬಿಚ್ಚಿದ. ತಾಮ್ರದ ಕೊಳವೆಯನ್ನು ಒಂಬತ್ತು ಸುತ್ತು ಸುರುಳಿ ಸುತ್ತಿ, ತಾತನ ರೀತಿಯಲ್ಲೇ ಕಾಯಿಸಿ, ಹೊರಮೈಗೆಲ್ಲ ತವರ ಸವರಿದ. ಬೆಳ್ಳಿಯಂತೆ ಹೊಳೆಯಿತು. ಕಂಪ್ರೆಸರಿಗೆ ಜೋಡಿಸಿ ತೊಟ್ಟಿಗೆ ಇಳಿಬಿಟ್ಟ ಅರ್ಧ ದಿನದಲ್ಲಿ ನೀರು ತಣ್ಣಗಾಗಿ ಮೀನು ಚುರುಕಾಯಿತು. ಅವತ್ತು ಬೀದಿಯವರನ್ನೆಲ್ಲ ಕರೆದು, ಮೀನಿಗಿಂತ ಹೆಚ್ಚಾಗಿ ಸುರುಳಿಯನ್ನೇ ತೋರಿಸಿದ.

ಹನ್ನೆರಡನೆಯ ದಿನ ಮೀನು ಸಿಗಡಿಯನ್ನು ಮೂಸಿ ಬಿಟ್ಟಿತು. ಬಿಸಿಲಿನ ಅರುಚಿ ಎಂದುಕೊಂಡ. ಮುಂದಿನ ಒಂದು ವಾರ ಅವನು ಸ್ಕ್ವಿಡ್ ತಂದ, ಸಣ್ಣ ಮೀನು ತಂದ, ಉಪ್ಪು ಬದಲಿಸಿದ, ಸುರುಳಿಯ ಕಡೆ ಮಾತ್ರ ಕಣ್ಣೆತ್ತಲಿಲ್ಲ. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಅದು ಒಂದು ಮಗ್ಗುಲಿಗೆ ವಾಲಿ ಬಿದ್ದಿತ್ತು. ಕಿವಿರುಗಳು ಕುಲುಮೆಯ ತಿದಿಯಂತೆ ಬಡಿದುಕೊಳ್ಳುತ್ತಿದ್ದವು. ಹೆಂಡತಿ ಈ ಸಲ ಸವತಿ ಎನ್ನಲಿಲ್ಲ. ಹೋಗಿ ತಮ್ಮನಿಗೆ ಫೋನು ಮಾಡಿದಳು.

ಮೇಸ್ತ್ರಿ ಸುರುಳಿಯನ್ನು ಮೇಲೆತ್ತಿ ಬಿಸಿಲಿಗೆ ಹಿಡಿದ. ಮೂರನೆಯ ಸುತ್ತಿನ ಒಳಬಾಗಿನಲ್ಲಿ, ಹತ್ತಿ ಸರಿಯಾಗಿ ನುಸುಳದ ಕಡೆ, ತವರವನ್ನು ಉಪ್ಪುನೀರು ತಿಂದುಹಾಕಿ ಸಾಸಿವೆ ಕಾಳಿನಷ್ಟು ಹಸಿರು ಕಿಲುಬು ಕೂತಿತ್ತು. ಪಕ್ಕದಲ್ಲಿ ಇನ್ನೊಂದು. ಅದರಾಚೆ ಬೆರಳಗಲದ್ದು. ಉಪ್ಪಿನ ಪದಾರ್ಥವನ್ನು ಕಲಾಯಿ ಪಾತ್ರೆಯಲ್ಲಿ ತುಂಬಿಟ್ಟು ಮರೆಯಬೇಡಿ ಎಂದು ತಾತ ಮನೆಮನೆಯ ಹೆಂಗಸರಿಗೂ ಹೇಳಿ ಬರುತ್ತಿದ್ದ. ಜೊತೆಗೆ ಚೀಲ ಹೊತ್ತು ನಡೆದ ಇವನು ಅದನ್ನು ಹೆಂಗಸರಿಗೆ ಹೇಳಿದ ಮಾತೆಂದು ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಟ್ಟಿದ್ದ.

ಭಾಮೈದ ಟಬ್ಬು, ಎರಡು ಕ್ಯಾನು ನೀರು ಹೊತ್ತು ಏದುಸಿರು ಬಿಡುತ್ತ ಬಂದ. ಸುರುಳಿಯನ್ನು ನೋಡಿದ, ಕಣ್ಣು ಕೆಳಗಿಳಿಸಿ ಟಬ್ಬಿಗೆ ನೀರು ಸುರಿಯತೊಡಗಿದ. ಅದೇ ಮೇಸ್ತ್ರಿಯ ಕೆನ್ನೆಗೆ ಹೊಡೆದಂತಾಯಿತು.

"ಕೊಡಿ ಭಾವ. ಅಂಗಡಿ ತೊಟ್ಟಿಗೆ ಬಿಡ್ತೀನಿ. ಈಗ್ಲೇ ಹೋದ್ರೆ ಉಳಿದ್ರೂ ಉಳೀಬಹುದು."

"ನೀರು ನಾನೇ ಬದಲಾಯಿಸ್ತಿದ್ದೀನಿ."

"ಇಷ್ಟು ನೀರು ನೀವು ಬದಲಾಯ್ಸೋಷ್ಟರಲ್ಲಿ ಸಂಜೆ ಆಗತ್ತೆ. ಅಕ್ಕಾ, ನೀನಾದ್ರೂ ಹೇಳು."

"ಕೊಡ್ರೀ," ಎಂದಳು ಅವಳು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. "ನಿಮ್ಮ ದಮ್ಮಯ್ಯ, ಕೊಟ್ಬಿಡಿ."

ಮೇಸ್ತ್ರಿ ಮೊಣಕೈವರೆಗೆ ತೊಟ್ಟಿಯಲ್ಲಿ ತೋಳು ಇಳಿಬಿಟ್ಟು ಮೀನಿನ ಹೊಟ್ಟೆಯಡಿ ಅಂಗೈ ಕೊಟ್ಟು ನಿಂತಿದ್ದ. ಅದು ಕೈಗೆ ತಣ್ಣಗೆ, ಹಗುರವಾಗಿ ಒರಗಿತ್ತು.

"ನಿನ್ನ ಅಂಗಡಿಗೆ ಬಂದವರೆಲ್ಲ ಇದಕ್ಕೇನಾಯ್ತು ಅಂತ ಕೇಳ್ತಾರೆ. ಕಲಾಯಿ ಕೈಕೊಡ್ತು ಅಂತ ನೀನು ಹೇಳ್ತೀಯ."

"ಆಣೆಗೂ ಹೇಳಲ್ಲ ಭಾವ."

"ಹೇಳ್ತೀಯ. ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಹೇಳ್ತಿದ್ದೆ. ನಿನ್ನ ಟಬ್ಬೂ ಬೇಡ, ನಿನ್ನ ನೀರೂ ಬೇಡ ಕಣಪ್ಪ. ನಮ್ಮನೇಲಿ ಆದದ್ದು ನಮ್ಮನೇಲೇ ಮುಗೀಲಿ. ಹೋಗ್ತಾ ಬಾಗಿಲು ಎಳ್ಕೊಂಡು ಹೋಗು."